ಕವರ್ ಕೊಳ್ಳುವ ಮೊದಲು ಒಮ್ಮೆ ಮೂಸಿ ನೋಡಿ

ಅಂಟಿಕೊಂಡ ಪ್ಲಾಸ್ಟಿಕ್ ಕಾಗದದಿಂದ ಬಿಡುವಾಗ ಚರ್ ಅಂತ ಸಣ್ಣ ಸದ್ದು ಬರುತ್ತದೆ. ಅದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಕಾರ್ಟ್ರಿಜ್ ವಿಡಿಯೋ ಗೇಮ್ ಒಂದರ ಕೈಪಿಡಿ ಅದು. ಹಾಳಾಗದಿರಲಿ ಅಂತ ನಾನೇ ಮೆತ್ತನೆಯ, ದಪ್ಪ ಕವರಿನಲ್ಲಿ ಹಾಕಿಟ್ಟಿದ್ದೆ. ಆರು ವರ್ಷದ ನಂತರ ತೆಗೆದರೆ, ಮುಖಪುಟದ ಕೆಂಪು ಅಕ್ಷರಗಳು ಕವರಿನ ಒಳಮೈಗೆ ಹತ್ತಿಕೊಂಡಿದ್ದವು. ಪುಟದ ಮೇಲೆ ಅಕ್ಷರ ಇದ್ದ ಕಡೆ ಬಿಳಿ ಬಿಳಿ ಮಚ್ಚೆ.

ಆ ಕವರ್ ಪಿವಿಸಿ. ಪಿವಿಸಿ ತಾನಾಗಿ ಗಟ್ಟಿ ಪ್ಲಾಸ್ಟಿಕ್. ಮೆತ್ತಗಾಗಲಿ ಅಂತ ಅದಕ್ಕೆ ಎಣ್ಣೆಯಂಥ ಪದಾರ್ಥ ಸೇರಿಸುತ್ತಾರೆ. ವರ್ಷ ಕಳೆದಂತೆ ಆ ಎಣ್ಣೆ ಹೊರಗೆ ಜಿನುಗಿ ಶಾಯಿಯನ್ನು ಕರಗಿಸುತ್ತದೆ. ಪ್ಲಾಸ್ಟಿಕ್ ಹಳತಾದಾಗ ಹೈಡ್ರೋಕ್ಲೋರಿಕ್ ಆಮ್ಲವೂ ಹೊರಬರುತ್ತದೆ. ಕಾಗದಕ್ಕೆ ಇದಕ್ಕಿಂತ ಕೆಟ್ಟ ಜೊತೆ ಬೇಕಾ?

ಅದಕ್ಕೇ ನಾನೀಗ ಹೊಸ ಕವರ್ ಬಂದ ಕೂಡಲೇ ಮೂಸಿ ನೋಡುತ್ತೇನೆ. ಹೊಸ ರೇನ್‌ಕೋಟಿನ ಘಾಟು ಬಂದರೆ ಬೇಡವೇ ಬೇಡ. ಇನ್ನೂ ಅನುಮಾನ ಇದ್ದರೆ ಒಂದು ಚೂರು ಕತ್ತರಿಸಿ, ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಪೂರ್ತಿ ಅದ್ದಿ ಬಿಡಿ. ಕಾಗದಕ್ಕೆ ತೊಂದರೆ ಕೊಡದ ಪ್ಲಾಸ್ಟಿಕ್‌ಗಳಾದ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಎರಡೂ ಮೇಲೆ ತೇಲುತ್ತವೆ. ಪಿವಿಸಿ ಮುಳುಗುತ್ತದೆ. ಮೈಲಾರ್ ಅನ್ನುವ ಪಾಲಿಯೆಸ್ಟರ್ ಹಾಳೆಯೂ ಕಾಗದಕ್ಕೆ ಒಳ್ಳೆಯದೇ. ಅದು ಕೂಡ ಮುಳುಗುತ್ತದೆ, ಆದರೆ ಅದನ್ನು ಗುರುತಿಸುವುದು ಸುಲಭ: ವಾಸನೆ ಇಲ್ಲ, ಬಿರುಸು ಜಾಸ್ತಿ, ಮುಟ್ಟಿದರೆ ಗರಗರ ಅನ್ನುತ್ತದೆ.

ಆಗಾಗ ತೆಗೆದು ಓದುವ ಪುಸ್ತಕಗಳಿಗೆ ನಾನು ಬಳಸುವುದು 50 ಮೈಕ್ರಾನ್ ಪಾಲಿಪ್ರೊಪಿಲೀನ್. ಅಂಗಡಿಯವರು 2 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು) ಅನ್ನುವುದು ಹೆಚ್ಚುಕಡಿಮೆ ಇದನ್ನೇ. ಜೀವಮಾನವಿಡೀ ಇಟ್ಟುಕೊಳ್ಳುವಂಥವು ಮೈಲಾರಿಗೆ ಹೋಗುತ್ತವೆ. ತೆಳು ಪುಸ್ತಕವಾದರೆ ಹಿಂದೆ ಆಸಿಡ್ ಇಲ್ಲದ ರಟ್ಟು ಇರಲೇಬೇಕು. ಹಳೆ ಪೆಟ್ಟಿಗೆ ಕತ್ತರಿಸಿದ ರಟ್ಟು ಮಾತ್ರ ಬೇಡ. ಅದರಲ್ಲಿರುವ ಲಿಗ್ನಿನ್ ಅನ್ನುವ ಮರದ ಅಂಶ ತಾನೂ ಹಳದಿಯಾಗಿ, ಒತ್ತಿಕೊಂಡ ಪುಟವನ್ನೂ ಹಳದಿ ಮಾಡುತ್ತದೆ.

ಅಳತೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಪುಸ್ತಕದ ಅಗಲ ಮಾತ್ರ ನೋಡುತ್ತಾರೆ, ದಪ್ಪ ಮರೆಯುತ್ತಾರೆ. ಅಗಲ 14 ಸೆಂ.ಮೀ., ದಪ್ಪ 3 ಸೆಂ.ಮೀ. ಇದ್ದರೆ ಕವರ್ ಕನಿಷ್ಠ 17 ಸೆಂ.ಮೀ. ಬೇಕು. ಅದರ ಮೇಲೆ ಅರ್ಧ ಸೆಂ.ಮೀ. ಸಡಿಲ ಇರಲಿ. ಬಿಗಿ ಕವರಿಗೆ ತುರುಕಿದರೆ ಮೊದಲು ಮಡಚುವುದು ಮೂಲೆಗಳೇ. ತೀರಾ ದೊಡ್ಡದಾದರೂ ಪುಸ್ತಕ ಒಳಗೆ ಜಾರಾಡಿ ಅಂಚು ಸವೆಯುತ್ತದೆ.

ಅಂಟಿನ ಪಟ್ಟಿ ಎಲ್ಲಿದೆ ಅನ್ನುವುದನ್ನೂ ನೋಡಿ. ಮಡಚುವ ತುದಿಯಲ್ಲಿ ಅಂಟಿದ್ದರೆ, ಪುಸ್ತಕ ಹೊರಗೆ ಎಳೆಯುವಾಗ ಅದು ಮುಖಪುಟಕ್ಕೆ ತಗುಲುತ್ತದೆ. ಕವರಿನ ಮೈಮೇಲೆ ಅಂಟಿರುವುದೇ ಒಳ್ಳೆಯದು. ಈ ಒಂದು ವಿಷಯದಲ್ಲಿ ನಾನು ಯಾವತ್ತೂ ರಾಜಿಯಾಗುವುದಿಲ್ಲ.

ಬೋರ್ಡ್ ಗೇಮ್ ಪೆಟ್ಟಿಗೆಗಳ ಮಾತೇ ಬೇರೆ. ಅವಕ್ಕೆ ಚೀಲಕ್ಕಿಂತ ಅರ್ಧ ಮಿಲಿಮೀಟರ್ ದಪ್ಪದ ಪೆಟ್ (ನೀರಿನ ಬಾಟಲಿಗೆ ಬಳಸುವಂಥ) ಪ್ಲಾಸ್ಟಿಕ್ ಡಬ್ಬ ಹಾಕುವುದು ವಾಸಿ. ಒಳಗಿನ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರೆ ಇವತ್ತೇ ತೆಗೆದುಬಿಡಿ. ಹಳೆ ರಬ್ಬರ್ ಕರಗಿ ಕಾರ್ಡಿಗೇ ಅಂಟುತ್ತದೆ.

ಇನ್ನೊಂದು ಮಾತು. ತೇವ ಇರುವ ದಿನ ಯಾವುದನ್ನೂ ಮುಚ್ಚಿಡಬೇಡಿ. ಒಳಗೆ ಹೋದ ತೇವ ಸುಲಭಕ್ಕೆ ಹೊರಗೆ ಬರುವುದಿಲ್ಲ. ಗಾಳಿಯ ತೇವಾಂಶ 65% ದಾಟಿದರೆ ಬೂಷ್ಟಿಗೆ ಹಬ್ಬ. ನಾನು ಸಣ್ಣ ಮೀಟರ್ ಒಂದನ್ನು ಕಪಾಟಿನಲ್ಲೇ ಇಟ್ಟಿದ್ದೇನೆ. ಅದು 50ರ ಕೆಳಗೆ ಬಂದ ದಿನವೇ ಕವರ್ ಹಾಕುವ ಕೆಲಸ.

ಆ ಕೈಪಿಡಿ ಈಗ ಮೈಲಾರಿನಲ್ಲಿದೆ, ಬಿಳಿ ಮಚ್ಚೆಗಳ ಸಮೇತ. ಅದರ ಜೊತೆಗೇ ತಂದಿದ್ದ ಹಳೆ ಕವರುಗಳು ಇನ್ನೂ ಹನ್ನೊಂದು ಇವೆ, ಒಂದೊಂದರಲ್ಲೂ ಒಂದೊಂದು ಪುಸ್ತಕ. ಈ ಭಾನುವಾರ ಒಂದೊಂದಾಗಿ ಬಿಡಿಸಲು ಕೂರುತ್ತೇನೆ.