ಮಳೆ ಬಾರದ್ದಕ್ಕೆ ಗಿಡ ಹುಟ್ಟಿರಲಿಲ್ಲ

ಸೆಪ್ಟೆಂಬರ್ 7ರ ರಾತ್ರಿ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಮೇಲೆ ಅಮ್ಮ, "ನಾಳೆ ಹೊಸ ಅಕ್ಕಿ ಉಣ್ಣುವ ದಿನ, ಆದಿಕಾಂಡ ಓದು ಮಗಾ" ಎಂದರು. ಮನೆಮಾತು ಕೊಂಕಣಿ, ಆದರೆ ನಮ್ಮಲ್ಲಿರುವುದು ಕನ್ನಡ ಬೈಬಲ್. ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ ತಾನೇ. ಅದರ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಹೊಸದೇನು ಎಂಬ ಉದಾಸೀನ ನನಗೆ. ಆರು ದಿನ, ಪಕ್ಕೆಲುಬು, ಹಾವು, ಸೇಬು. ವಯಸ್ಸು ಐವತ್ತು ದಾಟಿದ ಮೇಲೆ ಓದಿದರೆ ಅಲ್ಲಿ ಸೇಬೇ ಇಲ್ಲ! ಬರೀ ಹಣ್ಣು. ಕೆಂಪು ಸೇಬು ಚಿಕ್ಕಂದಿನ ದೊತೊರ್ನ್ (ಧರ್ಮಪಾಠ) ಕ್ಲಾಸಿನ ಚಿತ್ರದಲ್ಲಿತ್ತು, ಅಷ್ಟೇ.

ಮೂರನೇ ದಿನ ಹುಲ್ಲು, ನಾಲ್ಕನೇ ದಿನ ಸೂರ್ಯ. ಬಿಸಿಲಿಲ್ಲದೆ ಹುಲ್ಲು ಹೇಗೆ ಬಂತು ಎಂದು ಆಗ ಕೇಳಿ ಬೈಸಿಕೊಂಡಿದ್ದೆ. ಈಗ ಕಣ್ಣಿಗೆ ಬಿದ್ದದ್ದು ಬೇರೆ: ಅಲ್ಲಿ ಸೂರ್ಯ ಚಂದ್ರ ಎಂಬ ಹೆಸರೇ ಇಲ್ಲ, ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ. ಸುತ್ತಲಿನ ಜನ ಅವೆರಡನ್ನೂ ದೇವರೆಂದು ಪೂಜಿಸುತ್ತಿದ್ದ ಕಾಲ. ಬರೆದವನು ಅವನ್ನು ದೀಪದ ಕೆಲಸಕ್ಕೆ ಹಚ್ಚಿಬಿಟ್ಟಿದ್ದಾನೆ.

ಎರಡನೇ ಅಧ್ಯಾಯಕ್ಕೆ ಬಂದರೆ ಕಥೆ ಮತ್ತೆ ಮೊದಲಿಂದ, ಅದೂ ತಿರುಗುಮುರುಗಾಗಿ: ಮೊದಲು ಮನುಷ್ಯ, ಆಮೇಲೆ ಮರ, ಪ್ರಾಣಿ. ಮಳೆ ಸುರಿದಿರಲಿಲ್ಲ, ಉಳುವವನೂ ಇರಲಿಲ್ಲ, ಹಾಗಾಗಿ ಹೊಲದಲ್ಲಿ ಒಂದು ಗಿಡವೂ ಹುಟ್ಟಿರಲಿಲ್ಲ ಎಂಬಲ್ಲಿ ಅಮ್ಮ ನನ್ನನ್ನು ತಡೆದರು.

"ಇನ್ನೊಮ್ಮೆ ಓದು."

ಓದಿದೆ.

"ಹಾಗಾದರೆ ದೇವರೂ ಮಳೆಗೆ ಕಾದಿದ್ದಾನೆ. ಆಳಿಗೂ ಕಾದಿದ್ದಾನೆ."

ನೆಲದೊಳಗಿಂದ ನೀರೆದ್ದು ಮಣ್ಣನ್ನು ತೋಯಿಸಿತು ಎಂಬ ಮುಂದಿನ ಮಾತಿಗೆ ನನಗೆ ಸುರಂಗ ನೆನಪಾಯಿತು. ನಮ್ಮ ಮುರಕಲ್ಲಿನ ಗುಡ್ಡಕ್ಕೆ ಒಬ್ಬ ಬಗ್ಗಿ ನಡೆಯುವಷ್ಟು ಅಗಲದ ಬಿಲ ಕೊರೆದು, ಒಳಗಿನ ಒಸರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳದ ಮದಕಕ್ಕೆ, ಅಂದರೆ ನೀರಿನ ಹೊಂಡಕ್ಕೆ, ತರುವುದು. ಚಿಕ್ಕವನಿದ್ದಾಗ ಕಿವಿಯಿಟ್ಟು ಕೇಳುತ್ತಿದ್ದೆ: ತೊಟ್, ತೊಟ್. ದೇವರು ನೆಟ್ಟ ಏದೆನ್ ತೋಟದ ನೀರಿಗೂ ನನಗೆ ಅದೇ ಸದ್ದು.

ಆ ತೋಟವನ್ನು 'ಉಳಲಿಕ್ಕೂ ಕಾಯಲಿಕ್ಕೂ' ಆದಾಮನನ್ನು ಇಡಲಾಯಿತು. ಉಳು ಎಂಬಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಸೇವೆ ಮಾಡು ಎಂಬ ಅರ್ಥವೂ ಉಂಟು, ದೇವರ ಸೇವೆಗೂ ಅದೇ ಮಾತು. ಮೊದಲ ಅಧ್ಯಾಯದ 'ದೊರೆತನ ಮಾಡಿರಿ' ಮಾತ್ರ ನಮ್ಮ ಕಿವಿಗೆ ಚೆನ್ನಾಗಿ ಕೇಳಿಸಿತು. ಇಲ್ಲಿಂದ ದೂರವೇನಲ್ಲ ಕಾಸರಗೋಡು ಜಿಲ್ಲೆಯ ಎಣ್ಮಕಜೆ. ಆ ಕಡೆಯ ಗುಡ್ಡಗಳ ಗೇರುತೋಟಕ್ಕೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸುರಂಗದ ಬಾಯಿಗೂ, ಮದಕಕ್ಕೂ, ಬಸುರಿಯರ ಮೇಲೂ ಬಿತ್ತು. ಹಾಸಿಗೆ ಹಿಡಿದ ಮಕ್ಕಳನ್ನು ನೋಡಿ ಬಂದ ದಿನ ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಮರುದಿನ, ಕನ್ಯಾಮರಿಯಮ್ಮ ಹುಟ್ಟಿದ ಹಬ್ಬಕ್ಕೆ, ಬೇಳದ ಶೋಕಮಾತೆಯ ಇಗರ್ಜಿ. 1890ರಲ್ಲಿ ಸ್ಥಾಪನೆಯಾದದ್ದು, ಚೂಪು ಕಮಾನುಗಳದ್ದು. ಒಂಬತ್ತು ದಿನ ಮಕ್ಕಳು ಕನ್ಯಾಮರಿಯಮ್ಮನಿಗೆ ಎಸೆದ ಹೂವಿನ ವಾಸನೆ ಒಳಗಿನ್ನೂ ಇತ್ತು. ದಾಸವಾಳ, ಗೋರಂಟೆ, ಬೇಲಿಯ ಯಾವ ಹೂವಾದರೂ ನಡೆಯುತ್ತದೆ. ಪಾದ್ರಿಗಳು ಆಶೀರ್ವದಿಸಿದ ತೆನೆಯನ್ನು ಮನೆಗೊಂದು ಹಿಡಿಯಂತೆ ಹಂಚಿದರು. ನಮ್ಮ ಗದ್ದೆ ಅಡಿಕೆ ತೋಟವಾಗಿ ಎಷ್ಟೋ ವರ್ಷ ಆಯಿತು. ಬೇರೆಯವರು ಬೆಳೆದ ತೆನೆಯನ್ನೇ ಕೈಯೊಡ್ಡಿ ತೆಗೆದುಕೊಂಡೆ. ನಾಚಿಕೆಯೂ ಆಯಿತು, ಸುಳ್ಳು ಯಾಕೆ.

ಮನೆಯಲ್ಲಿ ಕೆಸುವಿನ ದಂಟು, ಬೆಂಡೆ, ಅಂಬಟೆ ಒಲೆಯ ಮೇಲೆ. ಅಮ್ಮ ಬಾಗಿಲ ಬಳಿ ಕೂತು ಭತ್ತದ ಕಾಳನ್ನು ಒಂದೊಂದಾಗಿ ಉಗುರಿನಿಂದ ಸುಲಿದರು. ಹಸಿ ಅಕ್ಕಿ ಹಾಲಿನಂತೆ ಬೆಳ್ಳಗೆ, ಮೂರು ನಾಲ್ಕು ಜೊಳ್ಳು. ಪಾಯಸಕ್ಕೆ ಅರೆಯಲು ಏಳು ಕಾಳು ಬಟ್ಟಲಿಗೆ ಬಿತ್ತು. ದುಬಾಯಿಯಲ್ಲಿರುವ ತಮ್ಮನಿಗೆ ಒಂದು ಕಡ್ಡಿ ತೆನೆ ಲಕೋಟೆಗೆ ಹೋಯಿತು.

"ಜೊಳ್ಳು ಎಸೆಯಲಾ ಅಮ್ಮ?"

"ಎಸೆಯಬೇಡ, ತೆಂಗಿನ ಬುಡಕ್ಕೆ ಹಾಕು. ಹಾಗೇ ಮೋಡ ನೋಡಿಕೊಂಡು ಬಾ."