ಕಾಸ್ ಪಠಾರದ ಬಣ್ಣ ಹಿಡಿಯಲು ಹೊರಟವರಿಗೆ

ಕಾಸ್ ಪಠಾರಕ್ಕೆ (ಪ್ರಸ್ಥಭೂಮಿಗೆ) ಹೂವಿನ ಫೋಟೊ ತೆಗೆಯಲು ಹೊರಟವರಲ್ಲಿ ಹೆಚ್ಚಿನವರು ಆ ದಿನ ಬಿಸಿಲು ಬಿದ್ದರೆ ಸಾಕು ಎನ್ನುತ್ತಾರೆ. ನಾನು ತೆಳು ಮೋಡ ಇರಲಿ ಎನ್ನುತ್ತೇನೆ. ನಾವು ಹೋದ ದಿನ ಒಂದೇ ಬೆಳಗಿನೊಳಗೆ ಮಂಜು, ಜಿಟಿಜಿಟಿ ಮಳೆ, ಸುಡುಬಿಸಿಲು ಎಲ್ಲವೂ ಸಿಕ್ಕವು. ಆಮೇಲೆ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡಿದಾಗ ಬಣ್ಣ ತುಂಬಿಕೊಂಡು ಕಂಡವೆಲ್ಲ ಮೋಡ ಕವಿದಿದ್ದಾಗ ತೆಗೆದವು.

ಕಾಸ್ ಪಠಾರ ಇರುವುದು ಮಹಾರಾಷ್ಟ್ರದ ಸಾತಾರಾದಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,200 ಮೀಟರ್ ಎತ್ತರದಲ್ಲಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿತ್ತು. ನೆಲವೆಲ್ಲ ಜಂಬಿಟ್ಟಿಗೆ ಕಲ್ಲಿನ ಹಾಸು, ಮೇಲೆ ತೆಳ್ಳನೆಯ ಮಣ್ಣು. ದೊಡ್ಡ ಮರಗಳಿಗೆ ಬೇರು ಬಿಡಲು ಜಾಗವಿಲ್ಲ. ಮಳೆ ಬಿದ್ದ ಕೂಡಲೇ ಮೊಳೆತು, ಹೂ ಬಿಟ್ಟು, ತೇವ ಆರುವ ಮೊದಲೇ ಬೀಜ ಉದುರಿಸಿ ಮುಗಿಸುವ ಪುಟ್ಟ ಗಿಡಗಳದೇ ರಾಜ್ಯ. ಅದಕ್ಕೇ ಎಲ್ಲ ಬಣ್ಣಗಳೂ ಆ ಕೆಲವೇ ವಾರಗಳೊಳಗೆ ನುಗ್ಗಿ ಬರುತ್ತವೆ.

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಹೂವಿನ ಕಾಲ. ಆದರೆ ಹದಿನೈದಿಪ್ಪತ್ತು ದಿನಕ್ಕೊಮ್ಮೆ ಪಠಾರದ ಬಣ್ಣವೇ ಬೇರೆಯಾಗುತ್ತದೆ. ತೇರಡಾ ಅರಳಿದಾಗ ಬೈಲೆಲ್ಲ ಗುಲಾಬಿ, ಸೋನ್ಕಿ ಜೋರಾದಾಗ ಹಳದಿ, ನೀರು ನಿಂತ ಜಾಗದಲ್ಲಿ ಗೇಂದ್ ಎಂಬ ಬಿಳಿ ಗುಂಡುಹೂ. ನನ್ನನ್ನು ಕೇಳಿದರೆ ತೇರಡಾ ಇನ್ನೂ ಇದ್ದು ಸೋನ್ಕಿ ಶುರುವಾಗಿರುವ ಸೆಪ್ಟೆಂಬರ್ ನಡುಭಾಗದ ನಂತರದ ದಿನಗಳನ್ನೇ ಆರಿಸಿಕೊಳ್ಳಿ. ಒಂದೇ ಬಣ್ಣದ ಬೈಲು ಎದುರು ನಿಂತಾಗ ಎಷ್ಟೇ ಬೆರಗು ಹುಟ್ಟಿಸಿದರೂ ಚಿತ್ರದಲ್ಲಿ ಸಪ್ಪೆಯಾಗಿಬಿಡುತ್ತದೆ. ಹಳದಿಯ ಪಕ್ಕ ನೇರಳೆಯೋ ಗುಲಾಬಿಯೋ ಒಂದಿಷ್ಟು ಇದ್ದರೆ ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ.

ಹಂಗಾಮಿನಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿಕೊಳ್ಳಬೇಕು. ಶನಿವಾರ, ಭಾನುವಾರ ಬಿಟ್ಟುಬಿಡಿ. ಸಿಗುವ ಮೊದಲ ಸರದಿಯನ್ನೇ ತೆಗೆದುಕೊಳ್ಳಿ. ಗಾಳಿ ಕಡಿಮೆ, ಜನ ಕಡಿಮೆ, ಎಲೆಗಳ ಮೇಲೆ ನೀರಹನಿ ಇನ್ನೂ ಇರುತ್ತದೆ. ಉಳಿದುಕೊಳ್ಳಲು ಸಾತಾರಾ ಅನುಕೂಲ.

ಇನ್ನು ಬೆಳಕಿನ ವಿಷಯ. ನೆತ್ತಿಯ ಬಿಸಿಲು ಎಸಳಿನ ಮೇಲೆ ಬಿದ್ದು ಬಿಳಿ ಹೊಳಪಾಗಿ ತಿರುಗಿ ಬರುತ್ತದೆ, ಆ ಹೊಳಪಿನ ಅಡಿಯಲ್ಲಿ ಬಣ್ಣ ಮುಚ್ಚಿಹೋಗುತ್ತದೆ. ಎಲೆಗಳ ಕಡುನೆರಳು ಬೇರೆ ಚಿತ್ರವನ್ನು ಚೂರುಚೂರು ಮಾಡುತ್ತದೆ. ಮೋಡವಿದ್ದರೆ ಆಕಾಶವಿಡೀ ಒಂದೇ ದೀಪವಾಗಿ ಎಲ್ಲ ದಿಕ್ಕಿನಿಂದಲೂ ಮೃದುವಾಗಿ ಬೆಳಗುತ್ತದೆ. ಆದರೂ ಒದ್ದೆ ಎಲೆಯ ಮೇಲೆ ಆಕಾಶದ ಬಿಳುಪು ಪ್ರತಿಫಲಿಸುವುದು ತಪ್ಪುವುದಿಲ್ಲ. ಇದಕ್ಕೆ ಲೆನ್ಸ್ ಮುಂದೆ ಹಾಕುವ, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಬೇಕೇ ಬೇಕು. ಕಾಸ್‌ಗೆ ಒಂದೇ ಒಂದು ಹೆಚ್ಚುವರಿ ಸಾಮಾನು ಒಯ್ಯುವುದಾದರೆ ಅದನ್ನೇ ಒಯ್ಯಿರಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಕ್ಯಾಮೆರಾದಲ್ಲಿ ನೋಡುತ್ತಾ ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಬೂದುಬಿಳುಪಿನ ಪೊರೆ ಕಳಚಿ ಹಸಿರು ಗಾಢವಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಒಂದರಿಂದ ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧಕ್ಕಿಳಿದಂತೆ) ಎನ್ನುವುದು ಲೆಕ್ಕದಲ್ಲಿರಲಿ. ಮಳೆ ಬಿಸಿಲು ಒಟ್ಟಿಗೆ ಬಂದು ಕಾಮನಬಿಲ್ಲು ಮೂಡಿದರೆ ಹುಷಾರು, ಫಿಲ್ಟರ್ ಒಂದು ಕೋನಕ್ಕೆ ಬಂದಾಗ ಬಿಲ್ಲೇ ಮಾಯವಾಗುತ್ತದೆ.

ಗಾಢ ಬಣ್ಣ ಹಾಳಾಗುವುದು ಹೆಚ್ಚಾಗಿ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡುತ್ತೇವೆ ಎನ್ನುವುದರಲ್ಲಿ. ಕಡುಹಸಿರಿನ ನಡುವೆ ಒಂದೇ ಸೋನ್ಕಿ ಹೂ ಇದ್ದರೆ ಕ್ಯಾಮೆರಾ ಹಸಿರನ್ನು ನೋಡಿ ಇಡೀ ದೃಶ್ಯವನ್ನು ಬೆಳಗಿಸಲು ಹೋಗುತ್ತದೆ, ಹಳದಿ ಎಸಳು ಗೆರೆಯಿಲ್ಲದ ಹಳದಿ ಚುಕ್ಕೆಯಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 2/3ಕ್ಕೆ ಇಳಿಸಿ ಎಸಳಿನ ಗೆರೆಗಳು ಕಾಣುತ್ತವೆಯೇ ಎಂದು ದೊಡ್ಡದು ಮಾಡಿ ನೋಡಿ. ತೇರಡಾದ ಗುಲಾಬಿ ಇನ್ನೂ ಮೋಸದ್ದು. ಸಾಮಾನ್ಯ ಹಿಸ್ಟೋಗ್ರಾಮ್ (ಎಡದಲ್ಲಿ ಕತ್ತಲು, ಬಲದಲ್ಲಿ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ಹಸಿರಿಗೆ ಹೆಚ್ಚು ತೂಕ ಕೊಡುವುದರಿಂದ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಕೆಂಪು ಚಾನೆಲ್ ಮಾತ್ರ ಬಲಗೋಡೆಗೆ ಬಡಿದು ನಿಂತಿರುತ್ತದೆ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಇದ್ದರೆ ಅದನ್ನೇ ಆನ್ ಮಾಡಿಕೊಳ್ಳಿ. ಮಂಜಿನಲ್ಲಿ ಇದು ತಿರುಗಾಮುರುಗಾ. ಬಿಳಿ ಮಂಜನ್ನು ಕ್ಯಾಮೆರಾ ಬೂದು ಮಾಡುತ್ತದೆ, ಆಗ ಪ್ಲಸ್ 1/3 ಅಥವಾ 2/3 ಕೊಡಬೇಕು.

ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ. ಚೌಕಟ್ಟಿನ ತುಂಬ ಗುಲಾಬಿಯೇ ಇದ್ದರೆ ಕ್ಯಾಮೆರಾ ಅದನ್ನು ದೋಷವೆಂದುಕೊಂಡು ಹಸಿರಿನ ಕಡೆಗೆ ಎಳೆದು ಬಣ್ಣ ಪೇಲವ ಮಾಡುತ್ತದೆ. ಕ್ಲೌಡಿ ಆಯ್ಕೆ, ಅಂದರೆ ಸುಮಾರು 6,000ದಿಂದ 6,500 ಕೆಲ್ವಿನ್, ಇಟ್ಟುಬಿಟ್ಟರೆ ಎಲ್ಲ ಚಿತ್ರಗಳೂ ಒಂದೇ ಹದದಲ್ಲಿ ಬರುತ್ತವೆ. ನೀಲಿ-ನೇರಳೆ ಹೂಗಳಿಗೆ ಇದೂ ಸಾಲದು. ಕೆಲವು ನೀಲಿ ಹೂಗಳು ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕನ್ನೂ ಹಿಂದಕ್ಕೆ ಕಳಿಸುತ್ತವೆ, ಸೆನ್ಸರ್ ಅದನ್ನು ಹಿಡಿದು ನೀಲಿಯನ್ನು ನೇರಳೆಯಾಗಿಸುತ್ತದೆ. ರಾ ಫೈಲ್, ಅಂದರೆ ಸೆನ್ಸರ್ ಹಿಡಿದ ಮೂಲ ದತ್ತಾಂಶದ ಕಡತ, ಇಟ್ಟುಕೊಳ್ಳಿ. ಹೂವಿನ ಎದುರೇ ನಿಂತು ನಿಜವಾದ ಬಣ್ಣ ಹೇಗಿತ್ತೆಂದು ಫೋನಿನಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಿ. ಸಂಜೆಯ ಹೊತ್ತಿಗೆ ಆ ನೆನಪು ಮಸುಕಾಗಿರುತ್ತದೆ.

ನಿಂತ ಎತ್ತರದಿಂದ ತೆಗೆದರೆ ಹೂವಿಗಿಂತ ಕಲ್ಲು, ಮಣ್ಣು, ಖಾಲಿ ಜಾಗವೇ ಹೆಚ್ಚು ಕಾಣುತ್ತದೆ. ಮೊಣಕಾಲೂರಿ, ಹೂವಿನ ಮಟ್ಟಕ್ಕೆ ಇಳಿದು, 200 ಮಿ.ಮೀ. ಆಸುಪಾಸಿನ ಟೆಲಿ ಲೆನ್ಸ್‌ನಲ್ಲಿ ದೂರದ ಹೂಗಳನ್ನು ನೋಡಿ. ಹಿಂದುಮುಂದಿನ ಸಾಲುಗಳು ಒತ್ತೊತ್ತಾಗಿ ಸೇರಿ ಬಣ್ಣದ ಹಾಸಾಗುತ್ತವೆ. ಇದರಿಂದ ಇನ್ನೊಂದು ಲಾಭವೂ ಇದೆ: ಕಾಲುದಾರಿ ಬಿಟ್ಟು ಒಳಗೆ ಹೆಜ್ಜೆ ಇಡಬೇಕಾಗಿಲ್ಲ. ಸೆಲ್ಫಿಗಾಗಿ ಹೂವಿನ ನಡುವೆ ಕೂರುವವರನ್ನು ಅಲ್ಲಿ ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಬೀಜ ಕಟ್ಟುವ ಮೊದಲೇ ತುಳಿದ ಗಿಡ ಮುಂದಿನ ಮಳೆಗೆ ತನ್ನ ಪಾಲಿನ ಮೊಳಕೆ ಬಿಡುವುದಿಲ್ಲ. ದಯವಿಟ್ಟು ದಾರಿಯಲ್ಲೇ ಇರಿ.

ದಾರಿಯ ಅಂಚಿನಲ್ಲೇ ನೋಡುವುದು ಬೇಕಾದಷ್ಟಿದೆ. ನೀರು ಜಿನುಗುವ ಜಾಗದಲ್ಲಿ ಸೀತೇಚಿ ಆಸವೆ ಎಂಬ ನೇರಳೆ ಹೂ ಗುಂಪುಗುಂಪಾಗಿ ನಿಂತಿರುತ್ತದೆ, ಒಂದೊಂದೂ ಬೆರಳ ತುದಿಯಷ್ಟು. ಮೇಲೆ ಇಷ್ಟು ಕೋಮಲ, ಕೆಳಗೆ ಒದ್ದೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳನ್ನು ಎಳೆದುಕೊಳ್ಳುವ ಸಣ್ಣ ಚೀಲಗಳು. ಪೋಷಕಾಂಶವಿಲ್ಲದ ನೆಲದಲ್ಲಿ ಸಾರಜನಕಕ್ಕಾಗಿ ಅದು ಕಂಡುಕೊಂಡ ದಾರಿ. ಡ್ರೊಸೆರಾ ಎಂಬ ಕೀಟಾಹಾರಿ ಗಿಡ ಕೂಡ ಹೀಗೆಯೇ. ಅದರ ಕೆಂಪು ರೋಮಗಳ ತುದಿಯಲ್ಲಿ ಅಂಟಿನ ಹನಿ ಇರುತ್ತದೆ. ಮೋಡ ಸರಿದು ಬಿಸಿಲು ಇಣುಕಿದಾಗ ಸೂರ್ಯನಿಗೆ ಎದುರಾಗಿ ಕೂತು ನೋಡಿ, ಹನಿಯೊಂದೊಂದೂ ಹೊತ್ತಿಕೊಂಡಂತೆ ಕೆಂಪಾಗುತ್ತದೆ. ಬಿಸಿಲನ್ನು ನಾನು ಸ್ವಾಗತಿಸುವುದು ಇಂಥ ಹಿಂಬೆಳಕಿಗೆ ಮಾತ್ರ. ಮ್ಯಾಕ್ರೋದಲ್ಲಿ f/8, 1/250 ಸೆಕೆಂಡ್‌ಗಿಂತ ವೇಗ, ಐಎಸ್‌ಒ 800 ಅಥವಾ 1600 ಆದರೂ ಚಿಂತೆಯಿಲ್ಲ. ಗಾಳಿ ಬೀಸುವ ಕಡೆಗೆ ಕೊಡೆ ಬಿಚ್ಚಿ ಅಡ್ಡ ಇಟ್ಟರೆ ಹೂ ಅಲುಗುವುದು ಎಷ್ಟೋ ಕಡಿಮೆಯಾಗುತ್ತದೆ.

ಫೋನಿನಲ್ಲೇ ತೆಗೆಯುವವರು ಹೂವಿನ ಮೇಲೆ ಬೆರಳಿಟ್ಟು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಬಣ್ಣವನ್ನು ತಾನಾಗಿಯೇ ಹೆಚ್ಚಿಸುವ ಸೀನ್ ಮೋಡ್ ಇದ್ದರೆ ಆಫ್ ಮಾಡಿ. ಟೆಲಿ ಲೆನ್ಸ್ ಇರುವ ಫೋನಾದರೆ ಅದನ್ನೇ ಬಳಸಿ.

ಏಸಿ ಹಾಕಿದ ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ಹೊರತೆಗೆದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಘಾಟಿ ಏರುವಾಗಲೇ ಏಸಿ ಆರಿಸಿ, ಬ್ಯಾಗಿನೊಳಗೇ ಹೊರಗಿನ ಹವೆಗೆ ಹೊಂದಿಕೊಳ್ಳಲು ಬಿಡಿ. ಒಣಬಟ್ಟೆ ಎರಡು ಮೂರಿರಲಿ, ಕ್ಯಾಮೆರಾಕ್ಕೆ ಮಳೆ ಕವರ್ ಇರಲಿ, ಹಿಡಿತವಿರುವ ಬೂಟು ಹಾಕಿ. ಪಾಚಿ ಕಟ್ಟಿದ ಕಲ್ಲು ಬಹಳ ಜಾರುತ್ತದೆ.

ಎಡಿಟ್ ಮಾಡುವಾಗ ಸ್ಯಾಚುರೇಷನ್‌ಗೆ ಕೈ ಹಾಕುವ ಮೊದಲು ವೈಟ್ ಬ್ಯಾಲೆನ್ಸ್ ಸರಿಮಾಡಿ, ಕಪ್ಪನ್ನು ಸ್ವಲ್ಪ ಗಟ್ಟಿ ಮಾಡಿ. ಅರ್ಧಕ್ಕರ್ಧ ಬಣ್ಣ ಅಷ್ಟಕ್ಕೇ ಮರಳಿ ಬರುತ್ತದೆ. ಇನ್ನೂ ಬೇಕೆನಿಸಿದರೆ ವೈಬ್ರೆನ್ಸ್ ಒಂದಿಷ್ಟು ಏರಿಸಿ, ಅದು ಈಗಾಗಲೇ ಗಾಢವಾಗಿರುವ ಗುಲಾಬಿಯನ್ನು ಮುಟ್ಟುವುದು ಕಡಿಮೆ. ಹಸಿರು ಅತಿಯಾಗಿ ಕಂಡರೆ ಹಸಿರೊಂದನ್ನೇ ತುಸು ಇಳಿಸಿ ನೋಡಿ, ಹೂ ತಾನಾಗಿ ಮುಂದೆ ಬರುತ್ತದೆ. ಹಂಚಿಕೊಳ್ಳುವ ಪ್ರತಿಯನ್ನು ಹೆಚ್ಚಿನ ಪರದೆಗಳು ಬಳಸುವ ಬಣ್ಣವ್ಯವಸ್ಥೆಯಾದ ಎಸ್‌ಆರ್‌ಜಿಬಿಯಲ್ಲೇ ಉಳಿಸಿ. ಅಡೋಬ್ ಆರ್‌ಜಿಬಿಯಲ್ಲಿ ಕಳಿಸಿದರೆ ಎಷ್ಟೋ ಪರದೆಗಳಲ್ಲಿ ಸೋನ್ಕಿಯ ಹಳದಿ ಬಾಡಿದಂತೆ ಕಾಣುತ್ತದೆ.