ಡೆವಿಲ್ಸ್ ಲೇಕ್‌ಗೆ ಒಂದು ದಿನ, ಅಪ್ಪ ಅಮ್ಮನ ಜೊತೆ

ಶಿಕಾಗೋ ಸುತ್ತಮುತ್ತ ಇರುವ ನಮ್ಮವರ ಮನೆಗಳಿಗೆ ಬೇಸಿಗೆ ಬಂತೆಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಮೊದಲು ಡೌನ್‌ಟೌನ್ ತೋರಿಸುತ್ತೇವೆ. ಆಮೇಲೆ ಅರೋರಾದ ಬಾಲಾಜಿ ದೇವಸ್ಥಾನ, ಲೆಮಾಂಟ್‌ನ ರಾಮ ದೇವಸ್ಥಾನ. ಅಷ್ಟು ಮುಗಿದ ಮೇಲೆ ಅವರಿಗೆ ಹೊತ್ತು ಹೋಗುವುದಿಲ್ಲ. ನಯಾಗರಾ ಅಂದರೆ ಎರಡು ಮೂರು ದಿನದ ಮಾತು, ಹೋಟೆಲ್, ರಜೆ, ಖರ್ಚು ಎಲ್ಲಾ ನೋಡಬೇಕು. ಬೆಳಿಗ್ಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರುವಂಥ ಜಾಗ ಬೇಕಿತ್ತು. ನೀರಿರಬೇಕು, ನೆರಳಿರಬೇಕು, ಮಕ್ಕಳು ಆಡಬೇಕು, ಅಮ್ಮ ಕೂರಬೇಕು. ಹಾಗೆ ಹುಡುಕಿದಾಗ ನಮಗೆ ಸರಿಹೊಂದಿದ್ದು ವಿಸ್ಕಾನ್ಸಿನ್ ರಾಜ್ಯದ ಬ್ಯಾರಬೂ ಊರಿನ ಪಕ್ಕದ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್.

ಈ ಪಾರ್ಕ್ ಶುರುವಾಗಿದ್ದು 1911ರಲ್ಲಿ. ವಿಸ್ಕಾನ್ಸಿನ್‌ನ ಸ್ಟೇಟ್ ಪಾರ್ಕ್‌ಗಳಲ್ಲೆಲ್ಲ ಇದೇ ದೊಡ್ಡದು, 9,000 ಎಕರೆಗೂ ಜಾಸ್ತಿ. ಅದರ ನಡುವೆ ಸುಮಾರು 360 ಎಕರೆಯ ಕೆರೆ. ಕೆರೆಯ ಮೂರು ಕಡೆ 500 ಅಡಿ ಎತ್ತರದ ಕಲ್ಲಿನ ಗುಡ್ಡಗಳು. ಶಿಕಾಗೋ ಕಡೆಯ ನೆಲ ಎಷ್ಟು ಸಮತಟ್ಟು ಅಂತ ಇಲ್ಲಿರುವವರಿಗೆ ಗೊತ್ತು. ಹಾಸನದ ಕಡೆಯ ಅಪ್ಪನಿಗೆ ಒಂದು ಗುಡ್ಡ ಕಣ್ಣಿಗೆ ಬಿದ್ದರೆ ಸಾಕಾಗಿತ್ತು.

ಯೋಜನೆ ಹಾಕುವಾಗ ನಾನು ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಇಡೀ ದಿನ ಅಮ್ಮನ ಮಂಡಿಗೆ ಹೊಂದಬೇಕು. ಗುಂಪಿನಲ್ಲಿ ಚೆನ್ನಾಗಿ ನಡೆಯುವವರನ್ನು ನೋಡಿಕೊಂಡು ದಿನ ಹಾಕಿದರೆ ಉಳಿದವರು ಕಾರಿನ ಹತ್ತಿರ ಕಾಯುತ್ತಾ ಕೂರಬೇಕಾಗುತ್ತದೆ. ಎಷ್ಟೋ ಮನೆಗಳಲ್ಲಿ ಹಾಗೇ ಆಗುತ್ತದೆ, ಅಲ್ವಾ? 'ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ' ಅಂತ ಅಮ್ಮಂದಿರು ಮೊದಲೇ ಹೇಳಿಬಿಡುತ್ತಾರೆ. ಆ ಮಾತು ಈ ಸಲ ಬರಬಾರದು ಅನ್ನೋದು ನನ್ನ ಹಟ.

ಹಾಗಾಗಿ ಮೊದಲು ದಿನ ಗೊತ್ತು ಮಾಡಿದೆವು. ಬೇಸಿಗೆಯ ಶನಿವಾರ, ಭಾನುವಾರ ಈ ಪಾರ್ಕ್‌ಗೆ ವಿಪರೀತ ಜನ. ಮಧ್ಯಾಹ್ನ ಆಗುವ ಮೊದಲೇ ಪಾರ್ಕಿಂಗ್ ತುಂಬಿಹೋಗುತ್ತದೆ. ಆಮೇಲೆ ದೂರದಲ್ಲಿ ಕಾರು ನಿಲ್ಲಿಸಿ, ಚಾಪೆ, ಕುರ್ಚಿ, ಊಟದ ಚೀಲ ಹೊತ್ತುಕೊಂಡು ನಡೆಯಬೇಕು. ಜುಲೈ ಕೊನೆಯ ಒಂದು ಮಂಗಳವಾರ ನಾನೂ ನಮ್ಮ ಮನೆಯವರೂ ರಜೆ ಹಾಕಿದೆವು. ಜುಲೈ ಕೊನೆಗೆ ನೀರೂ ಬೆಚ್ಚಗಾಗಿರುತ್ತದೆ, ಮುಸುಕಿನ ಜೋಳವೂ ಬಂದಿರುತ್ತದೆ.

ಎರಡನೆಯದು, ಯಾವ ದಡ ಅನ್ನೋದು. ಹೊಸಬರಿಗೆ ಇದು ಗೊತ್ತಾಗುವುದಿಲ್ಲ. ಕೆರೆಗೆ ಉತ್ತರದ ದಡ, ದಕ್ಷಿಣದ ದಡ ಅಂತ ಎರಡು ಬೇರೆ ಬೇರೆ ಜಾಗ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಗುಡ್ಡ ಸುತ್ತಿಕೊಂಡು ಹೋಗಬೇಕು. ಉತ್ತರದಲ್ಲಿ ದೊಡ್ಡ ಬೀಚ್ ಇದೆ. 1920ರ ದಶಕದಲ್ಲಿ ಕಟ್ಟಿದ ಶಾಟೋ ಅನ್ನುವ ಹಳೆಯ ಕಟ್ಟಡ ಇದೆ, ಅಂಗಡಿ ಇದೆ, ಗಲಾಟೆಯೂ ಜಾಸ್ತಿ. ದಕ್ಷಿಣದಲ್ಲಿ ಹುಲ್ಲು, ದೊಡ್ಡ ಮರಗಳು, ಪಿಕ್‌ನಿಕ್ ಮೇಜುಗಳು, ಇದ್ದಿಲಿನ ಒಲೆಗಳು. ಕಾರಿನಿಂದ ನೆರಳಿಗೆ, ನೆರಳಿನಿಂದ ನೀರಿಗೆ, ಅಲ್ಲಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ ಅಂತ ಮ್ಯಾಪಿನಲ್ಲಿ ನೋಡಿ ದಕ್ಷಿಣವನ್ನೇ ಆರಿಸಿದೆ. ವಯಸ್ಸಾದವರ ಜೊತೆ ಹೋಗುವಾಗ ಶೌಚಾಲಯದ ದೂರ ನೋಡದೆ ಯಾವ ಜಾಗವನ್ನೂ ಗೊತ್ತು ಮಾಡಬಾರದು. ಹೇಳೋಕೆ ಅವರು ಸಂಕೋಚಪಡುತ್ತಾರೆ, ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ.

ಹಿಂದಿನ ರಾತ್ರಿ ಅಮ್ಮ ಅಡುಗೆಮನೆ ಬಿಟ್ಟು ಬರಲಿಲ್ಲ. ಪುಳಿಯೋಗರೆ ಗೊಜ್ಜು ಕುದಿಸಿದರು. ಬೆಳಿಗ್ಗೆ ಬೇಗ ಎದ್ದು ಅನ್ನ ಆರಲು ಹಾಕಿ ಕಲಸಿದರು. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಕಮ್ಮಿ ಹಾಕಿದರು, ಮಧ್ಯಾಹ್ನಕ್ಕೆ ಹುಳಿ ಬರಬಾರದು ಅಂತ. ಕೋಡುಬಳೆ, ಸೌತೆಕಾಯಿ, ಕಲ್ಲಂಗಡಿ ಹೋಳು, ಫ್ಲಾಸ್ಕಿನಲ್ಲಿ ಕಾಫಿ. ಅಪ್ಪನ ಬಿಪಿ ಮಾತ್ರೆ ನನ್ನ ಕೈಚೀಲದಲ್ಲೇ ಇಟ್ಟುಕೊಂಡೆ. ಮಡಚುವ ಕುರ್ಚಿ, ಚಾಪೆ, ಟವೆಲ್, ಸೊಳ್ಳೆಗೆ ಹಚ್ಚುವ ಸ್ಪ್ರೇ, ಒಂದು ಚಿಕ್ಕ ಚೀಲ ಇದ್ದಿಲು. ಸೌದೆ ಮಾತ್ರ ಮನೆಯಿಂದ ಒಯ್ಯುವಂತಿಲ್ಲ. ಪಾರ್ಕಿನಿಂದ ಹತ್ತು ಮೈಲಿಗಿಂತ ದೂರದ ಸೌದೆ ತರಬಾರದು ಅನ್ನೋದು ವಿಸ್ಕಾನ್ಸಿನ್‌ನ ನಿಯಮ. ಸೌದೆಯೊಳಗೆ ಕೂತ ಹುಳು ಊರಿಂದೂರಿಗೆ ಹೋಗಿ ಆ್ಯಶ್ ಮರಗಳನ್ನು ಸಾಲುಸಾಲಾಗಿ ಕೊಂದಿದೆ. ಅದಕ್ಕೆ ಈ ಕಟ್ಟುನಿಟ್ಟು.

ಐದೂವರೆಗೆ ಮನೆ ಬಿಟ್ಟೆವು. ಐ-90 ಹಿಡಿದು ರಾಕ್‌ಫರ್ಡ್ ದಾಟಿ, ಬೆಲಾಯಿಟ್ ಹತ್ತಿರದ ರೆಸ್ಟ್ ಏರಿಯಾದಲ್ಲಿ ನಿಂತು ಕಾಫಿ ಕುಡಿದೆವು. ಮ್ಯಾಡಿಸನ್ ಆದಮೇಲೆ ಹೈವೇ 12. ಒಟ್ಟು ಮೂರು ಗಂಟೆಯ ದಾರಿ, ನಿಲ್ಲಿಸಿಕೊಂಡು ಹೋದರೆ ಇನ್ನೂ ಸ್ವಲ್ಪ. ಸಾಕ್ ಸಿಟಿ ಸುತ್ತ ಹೊಲಗಳ ಪಕ್ಕ ಜೋಳ ಮಾರಲು ಇಟ್ಟಿದ್ದರು, ಒಂದು ಡಜನ್ ತೆಗೆದುಕೊಂಡೆವು. ಅಪ್ಪ ಒಂದರ ಸಿಪ್ಪೆಯನ್ನು ಸ್ವಲ್ಪ ಸರಿಸಿ, ಕಾಳಿಗೆ ಉಗುರು ಚುಚ್ಚಿ, ಹಾಲು ಬಂತೆಂದು ತೋರಿಸಿದ ಮೇಲೇ ನಾವು ದುಡ್ಡು ಕೊಟ್ಟಿದ್ದು.

ಪಾರ್ಕ್ ಪ್ರವೇಶಕ್ಕೆ ತಲೆಗೆ ಇಷ್ಟು ಅಂತ ಇಲ್ಲ, ಕಾರಿಗೆ ಇಷ್ಟು. ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಜಾಸ್ತಿ ಕೊಡಬೇಕು. ವರ್ಷದ ಪಾಸ್ ಕೂಡ ಇದೆ. ಮತ್ತೆ ಬರುವ ಆಸೆ ಇದ್ದವರು ಅದನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ನಾವು ತೆಗೆದುಕೊಂಡೆವು.

ಒಳಗೆ ಹೋಗಿ ಮರದ ಕೆಳಗೆ ಚಾಪೆ ಹಾಸಿದ ಮೇಲೆ ಅಪ್ಪ ಕೆರೆಯನ್ನೇ ನೋಡುತ್ತಾ ನಿಂತರು. ಇದು ಹೇಗಾಯಿತು ಅಂತ ನಾನು ಓದಿಕೊಂಡು ಹೋಗಿದ್ದೆ, ಹೇಳಿದೆ. ಹಿಂದೆ ಈ ಗುಡ್ಡಗಳ ನಡುವೆ ಒಂದು ನದಿ ಹರಿಯುತ್ತಿತ್ತು. ಕೊನೆಯ ಹಿಮಯುಗದಲ್ಲಿ ಹಿಮನದಿ ಇಲ್ಲಿಯವರೆಗೆ ಬಂತು. ತಾನು ಉಜ್ಜಿಕೊಂಡು ತಂದ ಮಣ್ಣು, ಮರಳು, ಕಲ್ಲನ್ನೆಲ್ಲ ಕಣಿವೆಯ ಎರಡೂ ಬಾಯಿಗೆ ಸುರಿಯಿತು. ನದಿ ದಾರಿ ಬದಲಿಸಿಕೊಂಡು ಪೂರ್ವಕ್ಕೆ ಹೋಯಿತು. ಮಧ್ಯೆ ನೀರು ನಿಂತು ಕೆರೆಯಾಯಿತು.

ಅಪ್ಪ ಎಲ್ಲಾ ಕೇಳಿಸಿಕೊಂಡು, 'ಎರಡು ಕಡೆ ಏರಿ ಇದೆ ಅಂತೀಯ. ಸರಿ, ಕೋಡಿ ಎಲ್ಲಿ?' ಅಂದರು.

ಕೆರೆಯ ಊರಲ್ಲಿ ಬೆಳೆದವರು ಕೇಳುವ ಪ್ರಶ್ನೆ ಇದು. ಕೋಡಿ ಇಲ್ಲ. ಒಂದು ಸಣ್ಣ ತೊರೆಯಿಂದ, ಬುಗ್ಗೆಗಳಿಂದ, ಮಳೆಯಿಂದ ನೀರು ಬರುತ್ತದೆ. ಹೊರಗೆ ಹರಿದು ಹೋಗುವ ಹಳ್ಳ ಒಂದೂ ಇಲ್ಲ. ನೀರು ಆ ಮಣ್ಣಿನ ಏರಿಯೊಳಗೇ ಇಂಗಿ ನೆಲದಡಿ ಹೋಗುತ್ತದೆ. 'ತೂಬೂ ಇಲ್ಲ, ಕೋಡಿನೂ ಇಲ್ಲ, ಆದ್ರೂ ಏರಿ ಒಡೆದಿಲ್ಲ' ಅಂತ ಅಪ್ಪ ಮೆಚ್ಚಿಕೊಂಡರು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಮಾತು. ದಕ್ಷಿಣದ ಏರಿಯನ್ನು ಹತ್ತಿರದಿಂದ ನೋಡಬೇಕು ಅಂತ ಮೊಮ್ಮಗನನ್ನು ಕರೆದುಕೊಂಡು ಹೊರಟೇಬಿಟ್ಟರು.

ಅದಕ್ಕೂ ಮುಂಚೆ, ಬಿಸಿಲು ಏರುವ ಮೊದಲು, ನಾವೆಲ್ಲ ಟಂಬಲ್ಡ್ ರಾಕ್ಸ್ ಟ್ರೇಲ್‌ಗೆ ಹೋದೆವು. ಕೆರೆಯ ಪಶ್ಚಿಮ ದಡದಲ್ಲಿ, ಗುಡ್ಡದ ಬುಡದಲ್ಲಿ, ಸುಮಾರು ಒಂದು ಮೈಲಿಯ ದಾರಿ. ಮೇಲಿಂದ ಉರುಳಿ ಬಿದ್ದ ಬಂಡೆಗಳ ನಡುವೆ ಅಂಕುಡೊಂಕಾಗಿ ಹೋಗುತ್ತದೆ. ಬಹುಪಾಲು ಟಾರು ಹಾಕಿದೆ, ಹತ್ತುವುದು ಇಳಿಯುವುದು ಕಡಿಮೆ. ಅಲ್ಲಲ್ಲಿ ಮಾತ್ರ ಉಬ್ಬುತಗ್ಗು. ಗಾಲಿಕುರ್ಚಿಗೆ ಆಗುವುದಿಲ್ಲ, ಕೋಲು ಹಿಡಿದು ನಡೆಯುವವರಿಗೆ ಆಗುತ್ತದೆ. ಅಮ್ಮ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು, ಸ್ಪೋರ್ಟ್ಸ್ ಶೂ ಹಾಕಿಕೊಂಡು, ಕೂತು ಎದ್ದು, ಕಾಲುಭಾಗ ನಡೆದರು. ಅಲ್ಲಿಗೇ ಕೆರೆ ಪೂರ್ತಿ ಕಾಣುತ್ತದೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಮನೆಯಷ್ಟು ದೊಡ್ಡ ಬಂಡೆಗಳು.

ಆ ಬಂಡೆಗಳನ್ನು ಹತ್ತಿರದಿಂದ ನೋಡಬೇಕು. ಕ್ವಾರ್ಟ್‌ಜೈಟ್ ಕಲ್ಲು. ಬಣ್ಣ ಮಾಸಿದ ನೇರಳೆ, ಕೆಲವು ಕಡೆ ಗುಲಾಬಿ. ಸುಮಾರು 160 ಕೋಟಿ ವರ್ಷದ ಹಿಂದೆ ಇದು ಬರೀ ಮರಳು. ಮೇಲೆ ಭಾರ ಬಿದ್ದು, ಕಾವಿಗೆ ಬೆಂದು ಗಟ್ಟಿಯಾಗಿದೆ. ಒಂದು ಬಂಡೆಯ ಮೇಲೆ ಮಗಳು ಅಂಗೈ ಇಟ್ಟು ಸವರುತ್ತಿದ್ದಳು. ನೋಡಿದರೆ ಸಣ್ಣ ಸಣ್ಣ ಅಲೆಗಳ ಗುರುತು, ಬೆರಳಗಲಕ್ಕೆ ಒಂದರಂತೆ, ಸಾಲಾಗಿ. ಅಂದಿನ ನೀರು ಮರಳಿನ ಮೇಲೆ ಆಡಿದ ಗುರುತು ಕಲ್ಲಿನಲ್ಲಿ ಹಾಗೇ ಉಳಿದಿದೆ. 'ಅಜ್ಜಿ, ಮುಟ್ಟಿ ನೋಡು' ಅಂತ ಕರೆದಳು. ಅಮ್ಮನೂ ಸವರಿ ನೋಡಿದರು. ಆಗ ಅಪ್ಪ, 'ನಮ್ಮ ಲಾಲ್‌ಬಾಗ್ ಬಂಡೆಗೆ ಇನ್ನೂ ವಯಸ್ಸು ಜಾಸ್ತಿ' ಅಂದರು. ನಿಜ, ಅದಕ್ಕೆ ಸುಮಾರು 300 ಕೋಟಿ ವರ್ಷ. ಎಷ್ಟು ಸಲ ಅದರ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇವೆ, ಹೀಗೆ ಸವರಿ ನೋಡಿರಲಿಲ್ಲ.

ನಮ್ಮ ಮನೆಯವರೂ ಮಗನೂ ಬ್ಯಾಲೆನ್ಸ್ಡ್ ರಾಕ್ ಅನ್ನುವ, ಸಣ್ಣ ಬುಡದ ಮೇಲೆ ತೂಗಿ ನಿಂತಂಥ ಬಂಡೆ ನೋಡಲು ಪೂರ್ವದ ಗುಡ್ಡ ಹತ್ತಿದರು. ದಾರಿ ಚಿಕ್ಕದು, ಆದರೆ ಕಡಿದು. ಕಲ್ಲಿನ ಮೆಟ್ಟಿಲುಗಳು, ಕೈ ಹಿಡಿಯಲು ಕಂಬಿ ಇಲ್ಲ. ಒಳ್ಳೆಯ ಶೂ ಬೇಕೇ ಬೇಕು, ಮಳೆ ಬಂದಿದ್ದರೆ ಹತ್ತದಿರುವುದೇ ವಾಸಿ. ಈ ಪಾರ್ಕಿನ ಕಾಲುದಾರಿಗಳಲ್ಲಿ ಎಷ್ಟೋ ಕೆಲಸವನ್ನು 1935ರಿಂದ 1941ರವರೆಗೆ ಇಲ್ಲೇ ಕ್ಯಾಂಪ್ ಹಾಕಿಕೊಂಡಿದ್ದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ಮಾಡಿದ್ದು. ಕೆಲಸವೇ ಸಿಗದ ಕಷ್ಟಕಾಲದಲ್ಲಿ ಸರ್ಕಾರ ಅವರಿಗೆ ಈ ಕೆಲಸ ಕೊಟ್ಟಿತ್ತು. ಮಗ ಮೇಲಿಂದ ಕೈ ಬೀಸಿದ್ದು ನಮಗೆ ಕಾಣಲಿಲ್ಲ. ಗುಡ್ಡದ ಮೇಲೆ ರೆಕ್ಕೆ ಬಿಚ್ಚಿ ತೇಲುತ್ತಿದ್ದ ಟರ್ಕಿ ವಲ್ಚರ್ ಅನ್ನುವ ರಣಹದ್ದುಗಳು ಮಾತ್ರ ಕಂಡವು.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೀಚಿನಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಕೆರೆ ನಡುವೆ 40 ಅಡಿಗೂ ಜಾಸ್ತಿ ಆಳ. ಈಜುವ ಜಾಗಕ್ಕೆ ತೇಲುಗುರುತು ಹಾಕಿರುತ್ತಾರೆ, ಅದರ ಒಳಗೇ ಇರಬೇಕು. ಚಿಕ್ಕ ಮಕ್ಕಳಿದ್ದರೆ ದೊಡ್ಡವರೊಬ್ಬರು ಫೋನ್ ಬದಿಗಿಟ್ಟು ನೀರಿನಲ್ಲೇ ನಿಲ್ಲಬೇಕು. ನಾನೂ ನಮ್ಮ ಮನೆಯವರೂ ಸರದಿ ಹಾಕಿಕೊಂಡಿದ್ದೆವು. ಪೆಟ್ರೋಲ್ ಇಂಜಿನ್ನಿನ ದೋಣಿಗೆ ಇಲ್ಲಿ ಅವಕಾಶವಿಲ್ಲ, ಹಾಗಾಗಿ ಸದ್ದಿಲ್ಲ, ಎಣ್ಣೆಯ ವಾಸನೆಯಿಲ್ಲ. ಇನ್ನೊಂದು, ಬಸವನಹುಳುಗಳಿಂದ ಬರುವ ಕಣ್ಣಿಗೆ ಕಾಣದ ಮರಿಹುಳುಗಳಿಂದ ಕೆಲವರಿಗೆ ಮೈ ತುರಿಸುತ್ತದೆ. ನೀರಿನಿಂದ ಬಂದ ತಕ್ಷಣ ಟವೆಲ್‌ನಿಂದ ಗಟ್ಟಿಯಾಗಿ ಒರೆಸಿಕೊಂಡರೆ ಬಹಳಷ್ಟು ತಪ್ಪುತ್ತದೆ. ಮಗಳಿಗೆ ಅಜ್ಜಿಯೇ ಆ ಕೆಲಸ ಮಾಡಿದರು. ಆಮೇಲೆ ತಾವೂ ಮೀನಖಂಡದವರೆಗೆ ನೀರಿಗಿಳಿದು, ನನ್ನ ಭುಜ ಹಿಡಿದುಕೊಂಡು ಬಹಳ ಹೊತ್ತು ನಿಂತರು. 'ಮಂಡಿಗೆ ಹಿತವಾಗಿದೆ ಪುಟ್ಟಿ' ಅಂದರು.

ದಕ್ಷಿಣದ ದಡದ ಹತ್ತಿರವೇ ಹಕ್ಕಿಯ ಆಕಾರದ ಒಂದು ಮಣ್ಣಿನ ದಿಬ್ಬ ಇದೆ. ಈ ನಾಡಿನ ಮೂಲನಿವಾಸಿಗಳು ಸುಮಾರು ಸಾವಿರ ವರ್ಷದ ಹಿಂದೆ ಮಾಡಿದ್ದು. ಇಲ್ಲಿಯ ಮೂಲನಿವಾಸಿಗಳಾದ ಹೋ-ಚಂಕ್ ಜನರಿಗೆ ಈ ಕೆರೆ ಪವಿತ್ರ. ದಿಬ್ಬದ ಮೇಲೆ ಕಾಲಿಡಬಾರದು. ಎತ್ತರ ಹೆಚ್ಚಿಲ್ಲದ ಕಾರಣ ಗೊತ್ತಿಲ್ಲದವರು ಹುಲ್ಲು ಅಂದುಕೊಂಡು ನಡೆದುಬಿಡುತ್ತಾರೆ. ಮಕ್ಕಳಿಗೆ ಮೊದಲೇ ತೋರಿಸಿ ಹೇಳಿ. ನಮ್ಮ ಅಮ್ಮನಿಗೆ ಹೇಳಬೇಕಾಗಲಿಲ್ಲ, ಗೊತ್ತಾದ ಕೂಡಲೇ ಕೈ ಮುಗಿದರು.

ಇದ್ದಿಲಿನ ಮೇಲೆ ಜೋಳ ಸುಟ್ಟು, ನಿಂಬೆಹಣ್ಣು, ಉಪ್ಪು, ಖಾರದಪುಡಿ ಉಜ್ಜಿದೆವು. ತಿನ್ನುತ್ತಿರುವಾಗ ಪೂರ್ವದ ದಡದಲ್ಲಿ ಗೂಡ್ಸ್ ರೈಲೊಂದು ನಿಧಾನವಾಗಿ ಹೋಯಿತು. 1873ರಲ್ಲಿ ಈ ಹಳಿ ಬಂದ ಮೇಲೇ ಶಿಕಾಗೋದ ಜನ ಬೇಸಿಗೆ ಕಳೆಯಲು ಇಲ್ಲಿಗೆ ಬರತೊಡಗಿದ್ದು. ಪಾರ್ಕ್ ಆಗುವ ಮುಂಚೆ ದಡದಲ್ಲಿ ಹೋಟೆಲ್‌ಗಳಿದ್ದವು. ಅವೆಲ್ಲ ಹೋಗಿ ಮತ್ತೆ ಮರ ಬೆಳೆದಿರುವುದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ದಡ ಎಲ್ಲರದ್ದಾಗಿ ಉಳಿದಿದೆ.

ಐದರ ಹೊತ್ತಿಗೆ ಹೊರಟೆವು. ಹೊರಡುವ ಮುನ್ನ ಮಕ್ಕಳ ಕಿವಿಯ ಹಿಂದೆ, ಮಂಡಿಯ ಹಿಂದೆ, ಕಾಲುಚೀಲದ ಅಂಚಿನಲ್ಲಿ ಉಣ್ಣೆ ಹುಳು, ಅಂದರೆ ಟಿಕ್, ಇದೆಯೇ ಅಂತ ನೋಡಿದೆ. ಇದನ್ನು ಯಾರೂ ಮರೆಯಬೇಡಿ, ಹುಲ್ಲಿನಲ್ಲಿ ಕೂತವರಂತೂ ಖಂಡಿತ ನೋಡಿಕೊಳ್ಳಬೇಕು. ದಾರಿಯಲ್ಲಿ ಸಾಕ್ ಸಿಟಿ. ಕಲ್ವರ್ಸ್ ಅನ್ನುವ ಅಂಗಡಿ 1984ರಲ್ಲಿ ಮೊದಲು ಶುರುವಾದ ಊರು. ಅಲ್ಲಿಯ ಫ್ರೋಜನ್ ಕಸ್ಟರ್ಡ್ ಬಹಳ ಹೆಸರುವಾಸಿ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರು ಲೆಮನ್ ಐಸ್ ಕೇಳಿ. ಅಮ್ಮ ಅದನ್ನೇ ತಿಂದರು.

ಅಪ್ಪ ಆಗಲೇ ಮುಂದಿನ ಲೆಕ್ಕ ಹಾಕುತ್ತಿದ್ದರು. ಅಕ್ಟೋಬರ್ ಮಧ್ಯದ ಹೊತ್ತಿಗೆ ಆ ಗುಡ್ಡಗಳ ಮೇಲಿನ ಮರಗಳೆಲ್ಲ ಬಣ್ಣ ತಿರುಗುತ್ತವೆ. ಅವರ ವಾಪಸ್ ಟಿಕೆಟ್ ಇರುವುದು ಅದಾದ ಮೇಲೆ. ಮಗನಿಗೆ ಕೊಲಂಬಸ್ ಡೇ ರಜೆ ಸಿಗುತ್ತದೆ, ಅವತ್ತೇ ಹೋಗೋಣ ಅಂತ ಮಾತಾಯಿತು. ಆಗ ಆ ಬಂಡೆಗಳ ದಾರಿಯಲ್ಲಿ ಅರ್ಧದವರೆಗಾದರೂ ನಡೆಯುತ್ತೇನೆ ಅಂತ ಅಮ್ಮ ಹೇಳಿದ್ದಾರೆ. ಬಣ್ಣದ ಕಾಲದಲ್ಲಿ, ಅದೂ ರಜಾದಿನ, ಜನ ಇನ್ನೂ ಜಾಸ್ತಿ ಇರುತ್ತಾರೆ. ನಾಲ್ಕೂವರೆಗೆಲ್ಲ ಮನೆ ಬಿಡಬೇಕು ಅಂತ ಅಪ್ಪ ಈಗಲೇ ಎಲ್ಲರಿಗೂ ಹೇಳಿಟ್ಟಿದ್ದಾರೆ.